ಕಾಯುವವರನ್ನು ಕಾಯುವ ಅಂಗಿ

ಒಂದು ಸಭೆಯಲ್ಲಿ ನಾನು ಮಾತು ಶುರು ಮಾಡುವ ಮೊದಲು ಮುಂದಿನ ಸಾಲಿನವರ ಕೈಗೆ ಒಂದು ಅಂಗಿ ಕೊಟ್ಟು, ನೋಡಿ ಹಿಂದಕ್ಕೆ ದಾಟಿಸಿ ಎಂದಿದ್ದೆ. ಓದುವವರ ಕೈಗೆ ಅದನ್ನು ಕೊಡಲಾಗದು, ಹಾಗಾಗಿ ಅದು ಹೇಗಿದೆ ಎಂದು ಹೇಳಿಬಿಡುತ್ತೇನೆ. ಹಗುರ ಬಟ್ಟೆಯ, ತೋಳಿಲ್ಲದ ಒಳ ಅಂಗಿ. ಎದೆಯ ಕೆಳಭಾಗಕ್ಕೆ ಸರಿಯಾಗಿ ಸುತ್ತ ಒಂದು ಇಲಾಸ್ಟಿಕ್ ಪಟ್ಟಿ. ಪಟ್ಟಿಯ ಒಳಮೈಯಲ್ಲಿ ನಾಲ್ಕು ಇಸಿಜಿ ಬಿಲ್ಲೆಗಳು, ಅಂಟು ಇಲ್ಲದವು, ಚರ್ಮಕ್ಕೆ ಸುಮ್ಮನೆ ತಾಗಿಕೊಂಡಿರುವಂಥವು. ಬೆನ್ನಿಗೆ ಎರಡು, ಎದೆಯ ಎಡಬದಿಗೆ ಒಂದು ಎಂದು ದೊಡ್ಡ ಪ್ಯಾಡ್‌ಗಳು ಮೂರು. ಇವೆಲ್ಲದರ ವೈರು ಹೋಗಿ ಸೇರುವುದು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪುಟ್ಟ ಪೆಟ್ಟಿಗೆಗೆ. ಆ ಪೆಟ್ಟಿಗೆಯಲ್ಲಿ ಬ್ಯಾಟರಿ, ಕಂಪ್ಯೂಟರ್, ಮತ್ತು ಲಯ ಕೆಟ್ಟ ಹೃದಯವನ್ನು ಮತ್ತೆ ಲಯಕ್ಕೆ ತರುವಷ್ಟು ವಿದ್ಯುತ್ತು ಕೂಡಿಡುವ ಏರ್ಪಾಡು ಇದೆ. ಎಲ್ಲ ಸೇರಿ ಒಂದು ಕಿಲೋ ಆಸುಪಾಸು ಅಷ್ಟೇ. ಇದು ಮೈಮೇಲೆ ತೊಡುವ ಡಿಫಿಬ್ರಿಲೇಟರ್, ಅಂದರೆ ಕೆಟ್ಟ ಹೃದಯಲಯವನ್ನು ಶಾಕ್ ಕೊಟ್ಟು ಸರಿಪಡಿಸುವ ಯಂತ್ರ.

ಹೃದಯ ಕಸಿಗೆ ಹೆಸರು ಬರೆಸಿ ಕಾಯುತ್ತಿದ್ದ ಒಬ್ಬ ಹಿರಿಯರಿಗೆ ಇದನ್ನು ತೊಡಿಸಿ, ಅರ್ಧ ಗಂಟೆ ಕೂತು ಎಲ್ಲವನ್ನೂ ವಿವರಿಸಿ, ಏನಾದರೂ ಕೇಳುವುದಿದೆಯಾ ಎಂದೆ. ಅವರು ತಲೆಯಾಡಿಸಿದರು, ಏನೂ ಇಲ್ಲ ಎಂದು. ಪಕ್ಕದಲ್ಲಿ ಕೂತಿದ್ದ ಮಗಳು ಕೇಳಿದರು: "ಡಾಕ್ಟ್ರೇ, ಅಪ್ಪ ಸ್ನಾನಕ್ಕೆ ಹೋದಾಗ?"

ನಾನು ಅರ್ಧ ಗಂಟೆ ಯಂತ್ರದ ಬಗ್ಗೆ ಮಾತಾಡಿದ್ದೆ. ಅವರು ಕೇಳಿದ್ದು ಯಂತ್ರ ಮೈಮೇಲಿಲ್ಲದ ಹತ್ತು ನಿಮಿಷದ ಬಗ್ಗೆ. ಈ ಸಾಧನದ ಕುರಿತು ನಾನು ಓದಿದ, ನೋಡಿದ ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಆ ಪ್ರಶ್ನೆಯ ಹತ್ತಿರವೇ. ಅದಕ್ಕೇ ಅಲ್ಲಿಂದಲೇ ಆರಂಭಿಸಿದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಆಘಾತದಲ್ಲಿ ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುತ್ತದೆ. ಮನುಷ್ಯ ನೋವಿನಿಂದ ಒದ್ದಾಡುತ್ತಾನೆ, ಬೆವರುತ್ತಾನೆ, ಆದರೆ ಹೆಚ್ಚಿನ ವೇಳೆ ಎಚ್ಚರವಾಗಿಯೇ ಇರುತ್ತಾನೆ. ಸ್ತಂಭನದಲ್ಲಿ ಮಾತಾಡುತ್ತಿದ್ದವನು ಮಾತಿನ ನಡುವೆಯೇ ಕುಸಿಯುತ್ತಾನೆ. ಇದಕ್ಕೆ ಬಹಳ ಸಲ ಕಾರಣವಾಗುವುದು ವೆಂಟ್ರಿಕ್ಯುಲರ್ ಫಿಬ್ರಿಲೇಷನ್ ಎಂಬ ಲಯಭಂಗ. ಭಾರವಾದ ಬಂಡೆಗೆ ಹಗ್ಗ ಕಟ್ಟಿ ನೂರು ಜನ ಒಂದೇ ಕೂಗಿಗೆ ಎಳೆದರೆ ಬಂಡೆ ಜರುಗುತ್ತದೆ. ಅದೇ ನೂರು ಜನ ತಮತಮಗೆ ತೋಚಿದ ಹೊತ್ತಿಗೆ ಎಳೆದರೆ ಎಲ್ಲರಿಗೂ ದಣಿವು, ಬಂಡೆ ಮಾತ್ರ ಇದ್ದಲ್ಲೇ. ಫಿಬ್ರಿಲೇಷನ್ ಆದ ಹೃದಯದ ಸ್ನಾಯುವಿನ ಎಳೆಗಳ ಕತೆ ಇದೇ. ಎಲ್ಲವೂ ಅದುರುತ್ತಿರುತ್ತವೆ, ಒಂದು ಹನಿ ರಕ್ತ ಮುಂದಕ್ಕೆ ಹೋಗುವುದಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಆಮೇಲೆ ಕಳೆದುಹೋಗುವ ಪ್ರತಿ ನಿಮಿಷಕ್ಕೂ, ಯಾರೂ ಏನೂ ಮಾಡದಿದ್ದರೆ, ಬದುಕುಳಿಯುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ. ಹತ್ತು ನಿಮಿಷಕ್ಕೆ ಏನು ಉಳಿಯುತ್ತದೆ, ನೀವೇ ಲೆಕ್ಕ ಹಾಕಿ.

ಕಸಿಗಾಗಿ ಕಾಯುವವರ ಹೃದಯ ಈ ಅಪಾಯದ ಬಾಯಲ್ಲೇ ಇರುತ್ತದೆ. ಎಕೋ ಮಾಡಿಸಿ ಬಂದವರು "ಪಂಪಿಂಗ್ 20 ಪರ್ಸೆಂಟ್ ಅಂತೆ" ಎನ್ನುತ್ತಾರಲ್ಲ, ಆ ಸ್ಥಿತಿಯ ಹೃದಯದ ಗೋಡೆ ಹಿಗ್ಗಿ ತೆಳ್ಳಗಾಗಿರುತ್ತದೆ, ಅಲ್ಲಲ್ಲಿ ಗಾಯದ ಕಲೆ ಕಟ್ಟಿರುತ್ತದೆ. ಆ ಕಲೆಗಳ ಅಂಚಿನಲ್ಲಿ ವಿದ್ಯುತ್ ಸಂಕೇತ ದಾರಿ ತಪ್ಪಿ ಸುತ್ತು ಹೊಡೆಯತೊಡಗುತ್ತದೆ. ಲಯ ಕೆಡುವುದಕ್ಕೆ ಅಷ್ಟು ಸಾಕು.

ಕೆಟ್ಟ ಲಯವನ್ನು ವಿದ್ಯುತ್ತಿನ ಒಂದೇ ಪೆಟ್ಟಿನಿಂದ ಸರಿಪಡಿಸಬಹುದು ಎಂಬುದು ಹಳೆಯ ತಿಳಿವಳಿಕೆ. 1899ರಲ್ಲಿ ಜಿನೀವಾದ ವಿಜ್ಞಾನಿಗಳಾದ ಪ್ರೆವೋ ಮತ್ತು ಬಟೆಲ್ಲಿ ನಾಯಿಗಳ ಹೃದಯದಲ್ಲಿ ಇದನ್ನು ಕಂಡುಕೊಂಡಿದ್ದರು. ಮನುಷ್ಯನಿಗೆ ಅದು ದಕ್ಕಲು 1947ರವರೆಗೆ ಕಾಯಬೇಕಾಯಿತು. ಕ್ಲೀವ್‌ಲ್ಯಾಂಡಿನ ಶಸ್ತ್ರವೈದ್ಯ ಕ್ಲಾಡ್ ಬೆಕ್, ಆಪರೇಷನ್ ವೇಳೆ ಹೃದಯ ನಿಂತುಹೋದ 14 ವರ್ಷದ ಹುಡುಗನ ತೆರೆದ ಎದೆಯೊಳಗೆ ಕೈಹಾಕಿ ಹೃದಯವನ್ನು ಹಿಸುಕುತ್ತಾ, ಕೊನೆಗೆ ನೇರ ಹೃದಯಕ್ಕೇ ಶಾಕ್ ಕೊಟ್ಟು ಉಳಿಸಿದರು. 1956ರಲ್ಲಿ ಪಾಲ್ ಝೋಲ್ ಎದೆ ತೆರೆಯದೆ ಹೊರಗಿನಿಂದಲೇ ಶಾಕ್ ಕೊಟ್ಟು ತೋರಿಸಿದರು. 1965ರಲ್ಲಿ ಬೆಲ್‌ಫಾಸ್ಟಿನ ಫ್ರ್ಯಾಂಕ್ ಪ್ಯಾಂಟ್ರಿಡ್ಜ್, ಕಾರಿನ ಬ್ಯಾಟರಿಗಳಿಂದ ನಡೆಯುವ ಸುಮಾರು 70 ಕಿಲೋ ತೂಕದ ಡಿಫಿಬ್ರಿಲೇಟರನ್ನು ಆಂಬುಲೆನ್ಸಿಗೆ ಏರಿಸಿದರು. ರೋಗಿ ಯಂತ್ರದ ಬಳಿ ಬರುವ ಬದಲು ಯಂತ್ರವೇ ರೋಗಿಯ ಬಳಿ ಹೊರಟಿತು.

ಈ ಸಾಲಿನಲ್ಲಿ ನನ್ನ ಮನಸ್ಸು ನಿಲ್ಲುವುದು ವೈದ್ಯ ಮಿಶೆಲ್ ಮಿರೋವ್‌ಸ್ಕಿ ಅವರ ಹತ್ತಿರ. ಅವರ ಹಿರಿಯ ಸಹೋದ್ಯೋಗಿ ಹ್ಯಾರಿ ಹೆಲ್ಲರ್ ಅವರಿಗೆ ಮತ್ತೆ ಮತ್ತೆ ಲಯಭಂಗವಾಗುತ್ತಿತ್ತು. ಮುಂದೊಂದು ದಿನ ಏನಾಗುತ್ತದೆ ಎಂದು ಮಿರೋವ್‌ಸ್ಕಿಗೆ ಗೊತ್ತಿತ್ತು, ಆದರೆ ಜೀವಮಾನವಿಡೀ ಒಬ್ಬರನ್ನು ಆಸ್ಪತ್ರೆಯ ಮಾನಿಟರಿಗೆ ಕಟ್ಟಿಹಾಕಿ ಕೂರಿಸುವುದು ಹೇಗೆ? ಹೆಲ್ಲರ್ ಮನೆಯವರೊಂದಿಗೆ ಊಟಕ್ಕೆ ಕೂತಿದ್ದಾಗಲೇ ತೀರಿಕೊಂಡರು. ಆ ಸಾವು ಮಿರೋವ್‌ಸ್ಕಿಯನ್ನು ಬಿಡಲಿಲ್ಲ. ಮೈಯೊಳಗೇ ಹುದುಗಿಸಿಡಬಹುದಾದ ಡಿಫಿಬ್ರಿಲೇಟರಿಗಾಗಿ ವರ್ಷಗಟ್ಟಲೆ ದುಡಿದು, ಮಾರ್ಟನ್ ಮೋವರ್ ಜೊತೆ ಸೇರಿ ಅದನ್ನು ಸಾಧಿಸಿದರು. 1980ರ ಫೆಬ್ರವರಿ 4ರಂದು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ರೋಗಿಗೆ ಅದನ್ನು ಅಳವಡಿಸಲಾಯಿತು. ಈಗ ನಾವು ಐಸಿಡಿ ಎನ್ನುವುದು ಅದನ್ನೇ.

ಹಾಗಾದರೆ ಕಾಯುವವರಿಗೆಲ್ಲ ಐಸಿಡಿ ಹಾಕಿಬಿಟ್ಟರೆ ಆಯಿತಲ್ಲ, ಅಂಗಿ ಯಾಕೆ? ಸಭೆಯಲ್ಲೂ ಒಬ್ಬರು ಇದನ್ನೇ ಕೇಳಿದರು. ಸರಿಯಾದ ಪ್ರಶ್ನೆ. ಕಸಿಗಾಗಿ ಮನೆಯಲ್ಲಿ ಕಾಯುವ ಬಹಳ ಮಂದಿಗೆ ಐಸಿಡಿ ಇರುತ್ತದೆ, ಇರಬೇಕಾದದ್ದೂ ಹೌದು. ಅಂಗಿಯನ್ನು ಐಸಿಡಿಯ ಎದುರಾಳಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಂಗಿ ಬೇಕಾಗುವುದು ಐಸಿಡಿ ಹಾಕಲಾಗದ, ಅಥವಾ ಈಗಲೇ ಹಾಕುವುದು ಜಾಣತನವಲ್ಲದ ಸಂದಿಯಲ್ಲಿ.

ಅಂಥ ಸಂದಿಗಳು ಕಡಿಮೆಯೇನಲ್ಲ. ಇದ್ದ ಐಸಿಡಿಗೆ ಸೋಂಕು ತಗಲಿತು ಎಂದಿಟ್ಟುಕೊಳ್ಳಿ. ಪೆಟ್ಟಿಗೆ, ತಂತಿ ಎಲ್ಲವನ್ನೂ ತೆಗೆಯಬೇಕು. ಸೋಂಕು ಪೂರ್ತಿ ಹೋಗುವವರೆಗೆ ಹೊಸದನ್ನು ಹಾಕುವಂತಿಲ್ಲ. ಅಪಾಯ ಇದ್ದೇ ಇದೆ, ಕಾವಲು ಮಾತ್ರ ಇಲ್ಲ. ಇನ್ನು ಕೆಲವರಿಗೆ ಕಾಯಿಲೆ ಪತ್ತೆಯಾಗಿ ವಾರಗಳಷ್ಟೇ ಆಗಿರುತ್ತವೆ. ಔಷಧಿಗೆ ಹೃದಯ ಚೇತರಿಸಿಕೊಳ್ಳಲೂಬಹುದು, ಕೊನೆಗೆ ಕಸಿಯೇ ಬೇಡವಾಗಬಹುದು. ಅಂಥವರ ಮೈಯೊಳಗೆ ಶಾಶ್ವತವಾದ ಯಂತ್ರ ಇಡಲು ಯಾರೂ ಅವಸರ ಮಾಡುವುದಿಲ್ಲ. ಮತ್ತೆ ಕೆಲವರಿಗೆ ದಾನಿ ಹೃದಯ ಬೇಗ ಸಿಗುವ ಸೂಚನೆ ಇರುತ್ತದೆ. ಐಸಿಡಿಯ ತಂತಿಗಳು ರಕ್ತನಾಳದ ಮೂಲಕ ಹೃದಯದೊಳಗೆ ಇಳಿದು, ಕಾಲ ಕಳೆದಂತೆ ನಾಳದ ಗೋಡೆಗೆ ಅಂಟಿಕೊಳ್ಳುತ್ತವೆ. ಕಸಿಯ ದಿನ ಹಳೆಯ ಹೃದಯದ ಜೊತೆ ಅವನ್ನೂ ಬಿಡಿಸಿ ತೆಗೆಯುವುದು ಶಸ್ತ್ರವೈದ್ಯರಿಗೆ ಹೆಚ್ಚಿನ ಕೆಲಸ. ಹೊಸ ಹೃದಯಕ್ಕೆ ಆ ಐಸಿಡಿ ಬೇಕಾಗಿಯೂ ಇರುವುದಿಲ್ಲ. ಅಮೆರಿಕದ ಹೃದ್ರೋಗ ಸಂಘಟನೆಗಳ 2017ರ ಮಾರ್ಗಸೂಚಿ ಈ ಲೆಕ್ಕವನ್ನು ಎಚ್ಚರಿಕೆಯಿಂದಲೇ ಬರೆದಿದೆ. ಹಿಂದೆ ಹೃದಯ ಸ್ತಂಭನವಾಗಿದ್ದು, ಸೋಂಕಿನಂಥ ಕಾರಣಕ್ಕೆ ಐಸಿಡಿ ತೆಗೆಯಬೇಕಾಗಿ ಬಂದವರಿಗೆ ಅಂಗಿ ಕೊಡುವುದು ಸಮಂಜಸ ಎನ್ನುತ್ತದೆ. ಅಪಾಯವಿದ್ದೂ ಐಸಿಡಿಗೆ ಅರ್ಹರಲ್ಲದವರ ವಿಷಯದಲ್ಲಿ, ಕಸಿಗೆ ಕಾಯುವವರನ್ನೂ ಸೇರಿಸಿ, ಕೊಡುವುದು ಸಮಂಜಸವಾಗಬಹುದು ಎಂದು ಒಂದು ಮೆಟ್ಟಿಲು ಕೆಳಗಿನ ದನಿಯಲ್ಲಿ ಹೇಳುತ್ತದೆ.

ಈಗ ಅಂಗಿ ಕೆಲಸ ಮಾಡುವ ಬಗೆ. ಇದನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಮನೆಯವರು ತಪ್ಪು ಮಾಡುವುದು ಇಲ್ಲಿಯೇ.

ನಾಲ್ಕು ಬಿಲ್ಲೆಗಳು ಹಗಲೂ ರಾತ್ರಿ ಹೃದಯದ ಬಡಿತ ಓದುತ್ತಿರುತ್ತವೆ. ಅಪಾಯಕಾರಿ ಲಯ ಕಂಡಿತು ಎಂದಿಟ್ಟುಕೊಳ್ಳಿ. ಮೊದಲು ಪಟ್ಟಿ ಮೈಮೇಲೆ ಗುರ್‌ ಎಂದು ನಡುಗುತ್ತದೆ. ಆಮೇಲೆ ಸೈರನ್, ಮೆಲ್ಲಗೆ ಶುರುವಾಗಿ ಜೋರಾಗುತ್ತದೆ. ಅದರ ಹಿಂದೆಯೇ ಪೆಟ್ಟಿಗೆ ಮಾತಾಡುತ್ತದೆ, ರೋಗಿಗೆ ಒಂದು ಸೂಚನೆ, ಸುತ್ತ ಇರುವವರಿಗೆ ಮುಟ್ಟಬೇಡಿ ಎಂಬ ಎಚ್ಚರಿಕೆ. ಪೆಟ್ಟಿಗೆಯ ಮೇಲೆ ಎರಡು ಗುಂಡಿಗಳಿವೆ. ರೋಗಿಗೆ ಎಚ್ಚರ ಇದ್ದರೆ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿಯಬೇಕು. ಹಿಡಿದಷ್ಟು ಹೊತ್ತು ಶಾಕ್ ಮುಂದಕ್ಕೆ ಹೋಗುತ್ತದೆ.

ಆ ಗುಂಡಿಗಳು ಯಂತ್ರ ಕೇಳುವ ಪ್ರಶ್ನೆ: ಎಚ್ಚರ ಇದೆಯಾ? ಎಚ್ಚರ ಇದ್ದರೆ ಮಿದುಳಿಗೆ ರಕ್ತ ಹೋಗುತ್ತಿದೆ ಎಂದರ್ಥ, ಶಾಕಿಗೆ ಅವಸರವಿಲ್ಲ. ಬಿಲ್ಲೆ ಜರುಗಿಯೋ ಮೈ ಅಲುಗಾಡಿಯೋ ಯಂತ್ರಕ್ಕೆ ಸುಳ್ಳು ಲಯ ಕಂಡಿರಲೂಬಹುದು. ಉತ್ತರ ಬರಲಿಲ್ಲ ಎಂದರೆ ಮನುಷ್ಯ ಪ್ರಜ್ಞೆ ಕಳೆದುಕೊಂಡಿದ್ದಾನೆ ಎಂದು ಯಂತ್ರ ತೀರ್ಮಾನಿಸುತ್ತದೆ. ಹಾಗಾಗಿ ಗುಂಡಿ ಒತ್ತುವುದು ಅಂಗಿ ತೊಟ್ಟವರು ಮಾತ್ರ. ಹೆಂಡತಿ ಒತ್ತಬಾರದು, ಮಗ ಒತ್ತಬಾರದು, ನರ್ಸ್ ಕೂಡ ಒತ್ತಬಾರದು. ಅಪ್ಪ ಕುಸಿದು ಬಿದ್ದಿದ್ದಾರೆ, ಸೈರನ್ ಕಿವಿ ಹರಿಯುವಂತೆ ಕೂಗುತ್ತಿದೆ, ಗಾಬರಿಯಲ್ಲಿ ಮಗ ಓಡಿಬಂದು ಸದ್ದು ನಿಲ್ಲಲಿ ಎಂದು ಗುಂಡಿ ಒತ್ತಿದ ಎಂದರೆ, ಅಪ್ಪನ ಪರವಾಗಿ ಅವನು "ನಾನು ಎಚ್ಚರ ಇದ್ದೇನೆ" ಎಂದು ಯಂತ್ರಕ್ಕೆ ಹೇಳಿದಂತೆ. ಯಂತ್ರ ಅದನ್ನು ನಂಬುತ್ತದೆ. ತರಬೇತಿಯ ದಿನ ಮನೆಯವರಿಂದ ಇದೊಂದನ್ನು ಮೂರು ಸಲ ಬಾಯಿಬಿಟ್ಟು ಹೇಳಿಸುತ್ತೇನೆ.

ಉತ್ತರ ಬಾರದಿದ್ದಾಗ ಪ್ಯಾಡ್‌ಗಳೊಳಗಿನ ಜೆಲ್ ಒಡೆದು ಹೊರಬರುತ್ತದೆ. ಒಣ ಚರ್ಮ ವಿದ್ಯುತ್ತನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ, ಸುಡುತ್ತದೆ ಕೂಡ. ಜೆಲ್ ಅದಕ್ಕೆ ದಾರಿ ಮಾಡಿಕೊಡುತ್ತದೆ. ಇಂಥ ಅಂಗಿಗಳಲ್ಲಿ ಮೊದಲು ಬಂದ ಲೈಫ್‌ವೆಸ್ಟ್ ಎಂಬ ಸಾಧನದಲ್ಲಿ ಜೆಲ್ ನೀಲಿ ಬಣ್ಣದ್ದು. ಶಾಕ್ ಆಗಿದೆಯೋ ಇಲ್ಲವೋ ಎಂದು ಆಮೇಲೆ ಬಂದವರಿಗೆ ಅಂಗಿ ನೋಡಿದರೇ ತಿಳಿಯುತ್ತದೆ. ಆಮೇಲೆ ಶಾಕ್, 150 ಜೂಲ್‌ವರೆಗೆ. ಲಯ ಸರಿಹೋಗದಿದ್ದರೆ ಮತ್ತೆ, ಹೀಗೆ ಐದರವರೆಗೆ. ಲಯ ಕೆಟ್ಟದ್ದರಿಂದ ಮೊದಲ ಶಾಕಿನವರೆಗೆ ಸಾಮಾನ್ಯವಾಗಿ ಒಂದು ನಿಮಿಷವೂ ಆಗುವುದಿಲ್ಲ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ, ನಡುರಾತ್ರಿಯಾಗಿದ್ದರೂ ಅಷ್ಟೇ.

ಇದರ ಕೈಲಾಗದ್ದನ್ನೂ ಹೇಳಲೇಬೇಕು. ಹೃದಯದ ವಿದ್ಯುತ್ತು ಪೂರ್ತಿ ಆರಿಹೋಗಿ ಇಸಿಜಿ ನೇರ ಗೆರೆಯಾದರೆ ಶಾಕಿನಿಂದ ಉಪಯೋಗವಿಲ್ಲ. ಬಡಿತ ತೀರಾ ನಿಧಾನವಾದರೆ ಪೇಸ್‌ಮೇಕರಿನಂತೆ ತಾಳ ಹಾಕಿಕೊಡುವ ಶಕ್ತಿ ಲೈಫ್‌ವೆಸ್ಟಿಗಿಲ್ಲ. ಸೋತ ಹೃದಯಕ್ಕೆ ಬಲ ತುಂಬುವುದಂತೂ ಇದರ ಕೆಲಸವೇ ಅಲ್ಲ. ಮಾತ್ರೆ, ನೀರು ಉಪ್ಪಿನ ಪಥ್ಯ, ತೂಕ ನೋಡಿಕೊಳ್ಳುವುದು ಎಲ್ಲವೂ ಎಂದಿನಂತೆ ನಡೆಯಲೇಬೇಕು.

ಔಷಧಿ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ ಲೈಫ್‌ವೆಸ್ಟಿಗೆ ಒಪ್ಪಿಗೆ ಕೊಟ್ಟದ್ದು 2001ರ ಕೊನೆಯಲ್ಲಿ, ಮಕ್ಕಳಿಗೆ 2015ರಲ್ಲಿ. ಮೊದಲ ದೊಡ್ಡ ಅಧ್ಯಯನದ ವರದಿ 2004ರಲ್ಲಿ ಬಂತು. 289 ಮಂದಿ, ಅವರಲ್ಲಿ ಹೆಚ್ಚಿನವರು ತೀವ್ರ ಹೃದಯ ವೈಫಲ್ಯದವರು, ಅಂದರೆ ಹೃದಯ ಸೋತು ಸಾಕಷ್ಟು ರಕ್ತ ಪಂಪ್ ಮಾಡಲಾರದವರು. ಎಂಟು ಸಲ ಶಾಕ್ ಬೇಕಾದಾಗ ಆರು ಸಲ ಫಲಿಸಿತು. ನನ್ನನ್ನು ತಡೆದು ನಿಲ್ಲಿಸಿದ್ದು ಆ ಅಂಕಿಯಲ್ಲ. ಆರು ಮಂದಿ ಹಠಾತ್ತನೆ ತೀರಿಕೊಂಡಿದ್ದರು. ಅವರಲ್ಲಿ ಐವರ ಮೈಮೇಲೆ ಆ ಹೊತ್ತಿಗೆ ಅಂಗಿ ಇರಲಿಲ್ಲ, ಒಬ್ಬರು ಅದನ್ನು ತಪ್ಪಾಗಿ ತೊಟ್ಟಿದ್ದರು. ಜೊತೆಗೆ 68 ಮಂದಿ ಕಿರಿಕಿರಿಯೋ ಬೇರೆ ತೊಂದರೆಯೋ ಆಗಿ ಅಂಗಿಯನ್ನೇ ಬಿಟ್ಟುಬಿಟ್ಟಿದ್ದರು.

2018ರಲ್ಲಿ ವೆಸ್ಟ್ ಎಂಬ ಪ್ರಯೋಗದ ಫಲಿತಾಂಶ ಬಂತು. ಅದು ಕಸಿಗೆ ಕಾಯುವವರ ಮೇಲೆ ನಡೆದದ್ದಲ್ಲ, ಹೃದಯಾಘಾತವಾಗಿ ಪಂಪಿಂಗ್ ಶೇ. 35 ಅಥವಾ ಅದಕ್ಕೂ ಕೆಳಗಿಳಿದ 2,302 ಮಂದಿಯ ಮೇಲೆ ನಡೆದದ್ದು. ಆದರೂ ನಮಗೆ ಪಾಠವಿದೆ. ಲಯಭಂಗದ ಸಾವು ಅಂಗಿ ಪಡೆದವರಲ್ಲಿ ಶೇ. 1.6, ಪಡೆಯದವರಲ್ಲಿ ಶೇ. 2.4. ಈ ಅಂತರ ಆಕಸ್ಮಿಕವಾಗಿಯೂ ಬಂದಿರಬಹುದಾದಷ್ಟು ಸಣ್ಣದು. ಅಂದರೆ ಪ್ರಯೋಗ ತನ್ನ ಮುಖ್ಯ ಪ್ರಶ್ನೆಗೆ ಹೌದು ಎಂದು ಉತ್ತರಿಸಲಿಲ್ಲ. ಒಟ್ಟು ಸಾವು ಕಡಿಮೆ ಕಂಡಿತು, ಶೇ. 4.9ರ ಎದುರು 3.1, ಆದರೆ ಮುಖ್ಯ ಪ್ರಶ್ನೆ ಬಿದ್ದ ಮೇಲೆ ಇದನ್ನು ಹಿಡಿದು ಕುಣಿಯುವುದು ಸರಿಯಲ್ಲ. ನನ್ನ ರೋಗಿಗಳಿಗೆ ಇದನ್ನು ಮುಚ್ಚಿಡುವುದಿಲ್ಲ. ಅದೇ ವರದಿಯ ಇನ್ನೊಂದು ಸಾಲನ್ನೂ ಅವರಿಗೆ ಓದಿ ಹೇಳುತ್ತೇನೆ: ಅಂಗಿ ಪಡೆದವರಲ್ಲಿ 48 ಮಂದಿ ತೀರಿಕೊಂಡರು, ಸಾಯುವ ಹೊತ್ತಿಗೆ ಅದನ್ನು ತೊಟ್ಟಿದ್ದವರು 12 ಮಂದಿ.

ಹೆಚ್ಚು ಕಾಯಿಲೆಯಾದವರೇ ತೊಡಲಾರದೆ ಬಿಟ್ಟಿರಬಹುದು, ಹಾಗಾಗಿ ತೊಟ್ಟಿದ್ದರೆ ಎಲ್ಲರೂ ಉಳಿಯುತ್ತಿದ್ದರು ಎನ್ನಲಾಗದು. ಆದರೆ ಕುರ್ಚಿಯ ಮೇಲಿರುವ ಅಂಗಿ ಯಾರಿಗೂ ಶಾಕ್ ಕೊಡಲಾರದು ಎನ್ನಲು ಪ್ರಯೋಗ ಬೇಕಿಲ್ಲ. ಇಷ್ಟಿದ್ದೂ ನಾವು ವೈದ್ಯರು ಅಂಗಿ ಬಿಟ್ಟವರನ್ನು ಹಠಮಾರಿಗಳು ಎಂದು ಕರೆದು ಕಡತ ಮುಚ್ಚುತ್ತೇವೆ. ಇದು ತಪ್ಪು, ದೊಡ್ಡ ತಪ್ಪು. ಮಾತ್ರೆಯಿಂದ ವಾಂತಿಯಾದರೆ ಮಾತ್ರೆ ಬದಲಿಸುತ್ತೇವೆ. ಅಂಗಿಯಿಂದ ನಿದ್ದೆ ಕೆಟ್ಟರೆ ಅದನ್ನೂ ಅಷ್ಟೇ ಗಂಭೀರವಾಗಿ ನೋಡಬೇಕು.

ಒಮ್ಮೆ ನಾನೂ ಶಾಕ್ ಕೊಡದ, ತರಬೇತಿಗೆಂದು ಇಟ್ಟಿರುವ ಅಂಗಿ ತೊಟ್ಟು ಮಲಗಿದೆ. ಮೊದಲ ಒಂದು ಗಂಟೆ ಏನೂ ಅನಿಸಲಿಲ್ಲ. ಎಡಕ್ಕೆ ಹೊರಳಿದರೆ ಎದೆಯ ಪ್ಯಾಡ್ ಪಕ್ಕೆಲುಬಿಗೆ ಒತ್ತುತ್ತಿತ್ತು. ಅಂಗಾತ ಮಲಗಿದರೆ ಬೆನ್ನಿನ ಎರಡೂ ಪ್ಯಾಡ್ ಗೊತ್ತಾಗುತ್ತಿತ್ತು. ಪೆಟ್ಟಿಗೆಯನ್ನು ದಿಂಬಿನ ಬಳಿ ಇಟ್ಟರೆ ವೈರು ಕುತ್ತಿಗೆಗೆ ಬಂತು, ಸೊಂಟದ ಬಳಿ ಇಟ್ಟರೆ ಮೈ ಕೆಳಗೆ ಸಿಕ್ಕಿತು. ಎರಡು ಗಂಟೆಯ ಹೊತ್ತಿಗೆ ಪಟ್ಟಿಯ ಅಡಿ ಬೆವರು, ನವೆ. ಬೆಳಗ್ಗೆ ಎದ್ದು ನೋಡಿದರೆ ಎದೆಯ ಸುತ್ತ ಕೆಂಪು ಬರೆ. ನನಗಿದ್ದದ್ದು ಒಂದೇ ರಾತ್ರಿ, ಆರೋಗ್ಯವಂತ ಹೃದಯ ಬೇರೆ. ಉಸಿರು ಸಿಕ್ಕದೆ ಎರಡು ದಿಂಬು ಎತ್ತರಿಸಿ ಮಲಗುವವರು, ಇನ್ನೆಷ್ಟು ತಿಂಗಳೋ ಗೊತ್ತಿಲ್ಲದೆ ಇದನ್ನು ತೊಡಬೇಕು.

ಆ ರಾತ್ರಿಯ ಮೇಲೆ ನನ್ನ ಕ್ಲಿನಿಕ್ಕಿನಲ್ಲಿ ಕೇಳುವ ಪ್ರಶ್ನೆ ಬದಲಾಯಿತು. "ತೊಡ್ತಿದ್ದೀರಾ?" ಎಂದರೆ ಎಲ್ಲರೂ ಹೌದು ಎನ್ನುತ್ತಾರೆ. ಈಗ "ಎಷ್ಟು ಹೊತ್ತಿಗೆ ಬಿಚ್ಚಬೇಕು ಅನಿಸುತ್ತೆ?" ಎಂದು ಕೇಳುತ್ತೇನೆ. ಆಗ ನಿಜ ಬರುತ್ತದೆ. ಒಬ್ಬರಿಗೆ ಅಳತೆ ಸಡಿಲವಾಗಿತ್ತು, ಬಿಲ್ಲೆಗಳು ಜರುಗಿ ರಾತ್ರಿಯಿಡೀ ಸುಳ್ಳು ಅಲಾರಂ. ಒಂದು ಅಳತೆ ಕೆಳಗಿನದು ಕೊಟ್ಟ ಮೇಲೆ ನಿದ್ದೆ ಬಂತು. ಒಬ್ಬರು ನವೆ ಎಂದು ಬನಿಯನ್ ಮೇಲೆ ತೊಟ್ಟುಕೊಂಡಿದ್ದರು. ಹಾಗೆ ಮಾಡಲೇಬಾರದು, ಬಿಲ್ಲೆಗೂ ಪ್ಯಾಡಿಗೂ ಬರಿಮೈಯೇ ಬೇಕು. ಚರ್ಮ ಒಣಗಿರಬೇಕು, ಅಂಗಿಯ ಬಟ್ಟೆಯನ್ನು ಆಗಾಗ ಒಗೆದು ಬದಲಿಸಬೇಕು. ಮತ್ತೊಬ್ಬರು ಬಹಳ ಹೊತ್ತು ಸುಮ್ಮನಿದ್ದು, ಮೊಮ್ಮಗು ತೊಡೆ ಮೇಲೆ ಕೂತಾಗ ಶಾಕ್ ಹೊಡೆದರೆ ಎಂಬ ಭಯಕ್ಕೆ ಸಂಜೆ ಬಿಚ್ಚಿಡುತ್ತೇನೆ ಎಂದರು. ಶಾಕಿಗೆ ಮೊದಲು ನಡುಕ, ಸೈರನ್, ಮಾತು ಎಲ್ಲ ಬರುತ್ತವೆ, ಮಗುವನ್ನು ಕೆಳಗಿಳಿಸಲು ಹೊತ್ತಿರುತ್ತದೆ, ಪಕ್ಕದಲ್ಲಿ ದೊಡ್ಡವರು ಒಬ್ಬರು ಇದ್ದರೆ ಸಾಕು ಎಂದು ತಿಳಿಸಿ ಹೇಳಿದೆ. ಈ ಮಾತು ಮೊದಲ ದಿನವೇ ನನ್ನ ಬಾಯಿಂದ ಬರಬೇಕಿತ್ತು.

ಯಾರಾದರೂ ಕುಸಿದರೆ ಮನೆಯವರು ಏನು ಮಾಡಬೇಕು? ಅಂಗಿ ಎಚ್ಚರಿಕೆ ಕೂಗುತ್ತಿರುವಷ್ಟು ಹೊತ್ತು ಮುಟ್ಟಬೇಡಿ. ತಕ್ಷಣ ಆಂಬುಲೆನ್ಸಿಗೆ ಫೋನ್ ಮಾಡಿ. ಎಚ್ಚರಿಕೆ ನಿಂತ ಮೇಲೂ ಪ್ರಜ್ಞೆ ಬಾರದೆ, ಸರಿಯಾಗಿ ಉಸಿರಾಡದೆ ಇದ್ದರೆ ಎದೆ ಒತ್ತುವ ಸಿಪಿಆರ್ ಶುರು ಮಾಡಿ, ಅಂಗಿ ಇದ್ದರೂ ಪರವಾಗಿಲ್ಲ. ಶಾಕ್ ಆಗಿ ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಹೋಗಲೇಬೇಕು, ಲಯ ಯಾಕೆ ಕೆಟ್ಟಿತು ಎಂದು ನೋಡಬೇಕು, ಜೆಲ್ ಖಾಲಿಯಾದ ಪ್ಯಾಡ್ ಬದಲಾಗಬೇಕು.

ಈ ಕಾವಲಿಗೆ ಗಡುವು ಇಲ್ಲದಿರುವುದೇ ಕಷ್ಟ. ದಾನಿಯ ರಕ್ತದ ಗುಂಪು ಹೊಂದಬೇಕು, ಮೈಕಟ್ಟು ಹೊಂದಬೇಕು, ಮಂಜಿನಲ್ಲಿಟ್ಟು ತರುವ ಹೃದಯ ಸುಮಾರು ನಾಲ್ಕು ಗಂಟೆಯೊಳಗೆ ಹೊಸ ಮೈ ಸೇರಬೇಕು. ಆ ಫೋನ್ ನಾಳೆ ಬರಬಹುದು, ವರ್ಷ ಕಳೆಯಬಹುದು. ಒಂದು ಮನೆ ದುಃಖದಲ್ಲಿ ಮುಳುಗಿದಾಗಲೇ ಇನ್ನೊಂದು ಮನೆಗೆ ಆ ಕರೆ ಬರುವುದು. ಕಾಯುವವರಿಗೆ ಇದು ಗೊತ್ತಿರುತ್ತದೆ, ಅದರ ಭಾರವೂ ಅವರ ಮೇಲಿರುತ್ತದೆ.

ಮಗಳ ಪ್ರಶ್ನೆಗೆ ಅಂದು ನಾನು ಕೊಟ್ಟ ಉತ್ತರ ಇಷ್ಟು. ಮೊದಲು ಬ್ಯಾಟರಿ ತೆಗೆಯಿರಿ, ಆಮೇಲೆ ಅಂಗಿ ಬಿಚ್ಚಿ. ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಬೇಡ. ನೀವು ಹೊರಗೇ ನಿಂತಿರಿ, ಮಾತಾಡುತ್ತಿರಿ, ಅವರು ಓಗೊಡುತ್ತಿರಲಿ. ಮೈ ಒರೆಸಿದ ಕೂಡಲೇ ಮತ್ತೆ ತೊಡಿಸಿ. ಎರಡು ಬ್ಯಾಟರಿ ಕೊಟ್ಟಿರುತ್ತಾರೆ, ಒಂದು ಮೈಮೇಲೆ, ಒಂದು ಚಾರ್ಜಿಗೆ. ದಿನಕ್ಕೊಮ್ಮೆ ಅದಲುಬದಲು ಮಾಡಲು ಸ್ನಾನದ ಹೊತ್ತನ್ನೇ ಗೊತ್ತುಮಾಡಿಕೊಳ್ಳಿ, ಮರೆಯುವುದಿಲ್ಲ.

ಅವರು ಅದನ್ನು ಒಂದು ದಿನವೂ ತಪ್ಪಿಸಲಿಲ್ಲ. ಅಂಗಿ ಒಮ್ಮೆಯೂ ಶಾಕ್ ಕೊಡಬೇಕಾಗಿ ಬರಲಿಲ್ಲ. ಕರೆ ಬಂದದ್ದು ರಾತ್ರಿ. ಆಪರೇಷನ್‌ಗೆ ಸಿದ್ಧಪಡಿಸುವ ಕೋಣೆಯಲ್ಲಿ ನರ್ಸ್ ಅಂಗಿ ಬಿಚ್ಚಲು ಬಂದಾಗ ಆ ಹಿರಿಯರು "ತಾಳಿ" ಎಂದು, ತಾವೇ ಮೊದಲು ಬ್ಯಾಟರಿ ತೆಗೆದು ಮಗಳ ಕೈಗೆ ಕೊಟ್ಟರು. ಆಕೆ ಅದನ್ನು ಹಿಡಿದುಕೊಂಡು, ಗೋಡೆಯಲ್ಲಿ ಚಾರ್ಜಿಗೆ ಹಾಕುವ ಪ್ಲಗ್ ಎಲ್ಲಿದೆ ಎಂದು ಹುಡುಕುತ್ತಿದ್ದರು.